ರವಿ, ಭಾನು, ಗುರುದೇವ: ನಮ್ಮ ಬೀಚಿನ ಹೆಸರಿನವರ ಹಲವು ವಿಳಾಸಗಳು

ಕಾರವಾರದಲ್ಲಿ ಓದುವ ನಮಗೆಲ್ಲ ಟಾಗೋರ್ ಅಂದ್ರೆ ಮೊದಲು ನೆನಪಾಗೋದು ಕವಿ ಅಲ್ಲ, ಬೀಚ್. ಇಂಟರ್ನಲ್ಸ್ ಮುಗಿದ ಸಂಜೆ ಅಲ್ಲಿಗೆ ಹೋಗಿ, ಯುದ್ಧನೌಕೆ ಮ್ಯೂಸಿಯಮ್ಮಿನ ಮುಂದೆ ಫೋಟೋ ತೆಗೆಸಿಕೊಂಡು, ಚುರುಮುರಿ ತಿಂದು, ಮರಳಲ್ಲಿ ಕೂತು ಬ್ಯಾಕ್‌ಲಾಗ್ ಎಷ್ಟು ಅಂತ ಲೆಕ್ಕ ಹಾಕಿ ವಾಪಸ್ ಬರ್ತೇವೆ. ಬೋರ್ಡಿನ ಮೇಲೆ ರವೀಂದ್ರನಾಥ ಟಾಗೋರ್ ಅಂತ ಇದೆ. ಬಂಗಾಳದವರ ಹೆಸರು ನಮ್ಮ ಕಡಲತೀರಕ್ಕೆ ಎಂತಕ್ಕೆ ಬಂತು ಅಂತ ಯಾರೂ ಕೇಳೋದಿಲ್ಲ. ನಾವೂ ಕೇಳಿರಲಿಲ್ಲ.

ಈಗ ಕೇಳೋ ಹಾಗೆ ಮಾಡಿದ್ದು ಒಂದು ಇಮೇಲ್ ಎಡವಟ್ಟು. ಅದನ್ನ ಮೊದಲು ಹೇಳಿಬಿಡ್ತೇವೆ.

ನಮ್ಮ ಕನ್ನಡ ಬಳಗಕ್ಕೆ ಕಾಲೇಜಿನ ಡೊಮೇನಿನಲ್ಲಿ ಒಂದು ವಿಳಾಸ ಇದೆ. ಅದಕ್ಕೆ ಸ್ವಂತ ಪೆಟ್ಟಿಗೆ ಇಲ್ಲ, ಅದು ಬರೀ ಅಲಿಯಾಸ್. ಅಲ್ಲಿಗೆ ಬಂದ ಪತ್ರ ನಮ್ಮಲ್ಲೊಬ್ಬನ ಖಾಸಗಿ ಇನ್‌ಬಾಕ್ಸಿಗೆ ಹೋಗಿ ಬೀಳ್ತದೆ. ಇದರ ಜೊತೆ ಪತ್ರಿಕೆಗೆ ಒಂದು ಜಿಮೇಲ್, ಯಾವುದೋ ವರ್ಷದ ರಾಜ್ಯೋತ್ಸವಕ್ಕೆ ಸೀನಿಯರ್ಸ್ ಮಾಡಿಟ್ಟ ಇನ್ನೊಂದು ವಿಳಾಸ. ಎಲ್ಲವನ್ನೂ ಬಳಗದ ಕಂಪ್ಯೂಟರಿನ ಥಂಡರ್‌ಬರ್ಡಿಗೆ ಸೇರಿಸಿಟ್ಟಿದ್ದೆವು. ಈ ಸೆಮಿಸ್ಟರಿನ ಶುರುವಲ್ಲಿ ಅಂಕೋಲೆಯ ಒಬ್ಬ ನಿವೃತ್ತ ಶಿಕ್ಷಕಿ, ಕಾಳಿ ನದಿಗೆ ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ದಾಟುತ್ತಿದ್ದ ನೆನಪುಗಳನ್ನ ಬರೆದು ಬಳಗದ ಅಲಿಯಾಸಿಗೆ ಕಳಿಸಿದ್ರು. ಓದಿ ಖುಷಿಯಾಗಿ, ಪ್ರಕಟಿಸ್ತೇವೆ ಅಂತ ತಕ್ಷಣ ಉತ್ತರ ಬರೆದೆವು. ಉತ್ತರವೇನೋ ಹೋಯ್ತು. ಆದರೆ ಕಳಿಸಿದವರ ಹೆಸರಿನ ಜಾಗದಲ್ಲಿ ಬಳಗದ ಹೆಸರಿರಲಿಲ್ಲ. ಆ ಇನ್‌ಬಾಕ್ಸಿನ ಒಡೆಯ ಪಿಯುಸಿಯಲ್ಲಿ ಗೇಮ್ ಆಡೋಕೆ ಅಂತ ಇಟ್ಟುಕೊಂಡಿದ್ದ ಭಯಂಕರ ರಾಕ್ಷಸನ ಹೆಸರಿತ್ತು. ಯಾರೋ ಮೋಸಗಾರರು ಅಂತ ತಿಳಿದು ಟೀಚರು ಸುಮ್ಮನಾದ್ರು. ಅವರ ಒಪ್ಪಿಗೆಗೆ ನಾವು ಇಲ್ಲಿ ಕಾದೆವು, ನಮ್ಮ ಉತ್ತರಕ್ಕೆ ಅವರು ಅಲ್ಲಿ ಕಾದರು. ಒಂದೂವರೆ ತಿಂಗಳು! ಕೊನೆಗೆ ಅಂಕೋಲೆಯಿಂದ ದಿನಾ ಬಸ್ಸಲ್ಲಿ ಓಡಾಡೋ ನಮ್ಮ ಗೆಳತಿಗೆ ಅವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೇ ವಿಷಯ ಗೊತ್ತಾಗಿದ್ದು.

ತಪ್ಪು ಥಂಡರ್‌ಬರ್ಡಿನದ್ದಲ್ಲ, ನಮ್ಮದೇ. ಅಲಿಯಾಸ್ ಅನ್ನೋದು ಪತ್ರ ಒಳಗೆ ಬರುವ ಬಾಗಿಲು. ಯಾವ ಹೆಸರಿನಲ್ಲಿ ಪತ್ರ ಹೊರಗೆ ಹೋಗಬೇಕು ಅನ್ನೋದು ಬೇರೆ ವಿಷಯ, ಅದಕ್ಕೆ ಥಂಡರ್‌ಬರ್ಡ್ ಐಡೆಂಟಿಟಿ ಅನ್ನುತ್ತದೆ. ಒಂದನ್ನ ಮಾಡಿದರೆ ಇನ್ನೊಂದು ತಾನಾಗಿ ಆಗೋದಿಲ್ಲ. ಇದನ್ನ ಸರಿಪಡಿಸುತ್ತ ಕೂತಿದ್ದಾಗ, ಬಳಗದ ಭಾಷಣಕ್ಕೆ ಅಂತ ಟಾಗೋರರ ಆತ್ಮಕಥನ ಓದುತ್ತಿದ್ದ ಗೆಳೆಯನೊಬ್ಬ, ಈ ಮನುಷ್ಯ ಜೀವಮಾನವಿಡೀ ಇದನ್ನೇ ನಿಭಾಯಿಸಿದ್ದಾರೆ ಮಾರಾಯ್ರೆ ಅಂದ. ಪಠ್ಯಪುಸ್ತಕದ ಗಡ್ಡದ ಚಿತ್ರವನ್ನ ಪಕ್ಕಕ್ಕಿಟ್ಟು, ಅವರ ಬದುಕನ್ನ ಹೆಸರು, ವಿಳಾಸಗಳ ಕಡೆಯಿಂದ ನೋಡಿದೆವು.

ಹುಟ್ಟಿದ್ದು 1861ರ ಮೇ 7, ಕಲ್ಕತ್ತೆಯ ಜೋಡಾಸಾಂಕೋದ ದೊಡ್ಡ ಮನೆಯಲ್ಲಿ. ಬಂಗಾಳಿಗಳಿಗೆ ಎರಡು ಹೆಸರಿನ ಪದ್ಧತಿ: ಊರಿಗೆಲ್ಲ ಹೇಳೋಕೆ ಒಂದು ಒಳ್ಳೆ ಹೆಸರು, ಮನೆಯಲ್ಲಿ ಕರೆಯೋಕೆ ಒಂದು ಡಾಕ್ ನಾಮ್. ಹೊರಗೆ ರವೀಂದ್ರನಾಥ, ಒಳಗೆ ರವಿ. ಮನೆತನದ ಹೆಸರು ಠಾಕೂರ್. ಇಂಗ್ಲಿಷರ ಬಾಯಲ್ಲಿ ಅದು ಟಾಗೋರ್ ಆಯಿತು. ಕನ್ನಡದಲ್ಲಿ ನಾವು ಟಾಗೋರ್, ಠಾಗೋರ್, ಠಾಕೂರ್ ಅಂತ ಮೂರು ಥರ ಬರೆದರೂ ತಲುಪೋದು ಒಬ್ಬರನ್ನೇ. ಜಿಮೇಲ್ ವಿಳಾಸದ ನಡುವೆ ಚುಕ್ಕಿ ಇಟ್ಟರೂ ಬಿಟ್ಟರೂ ಪತ್ರ ಅದೇ ಪೆಟ್ಟಿಗೆಗೆ ಹೋಗ್ತದಲ್ಲ, ಹಾಗೆ. ಇನ್ನೊಂದು ತಮಾಷೆ ಅಂದ್ರೆ ಬಂಗಾಳಿಯಲ್ಲಿ ಡಾಕ್ ಅಂದರೆ ಕರೆಯುವುದು ಅಂತಲೂ ಅರ್ಥ, ಅಂಚೆ ಅಂತಲೂ ಅರ್ಥ.

ಮೊದಲ ಅಲಿಯಾಸ್ ಅವರು ತಾವೇ ಮಾಡಿಕೊಂಡಿದ್ದು ಹದಿನಾರರ ವಯಸ್ಸಿನಲ್ಲಿ. ಇದು ಮಜಾ ಇರೋ ಕಥೆ, ಸ್ವಲ್ಪ ನಿಂತು ಹೇಳ್ತೇವೆ. ಚಾಟರ್ಟನ್ ಎಂಬ ಇಂಗ್ಲಿಷ್ ಹುಡುಗ ತಾನು ಬರೆದ ಪದ್ಯಗಳನ್ನ ಹದಿನೈದನೇ ಶತಮಾನದ ಸನ್ಯಾಸಿಯೊಬ್ಬನವು ಅಂತ ನಂಬಿಸಿ, ಹದಿನೇಳಕ್ಕೇ ತೀರಿಕೊಂಡ ಕಥೆಯನ್ನ ಹುಡುಗ ರವಿ ಕೇಳಿದ್ದ. ಮನೆಯಲ್ಲಿ ಹಳೆಯ ವೈಷ್ಣವ ಪದಗಳ ಸಂಗ್ರಹ ಇತ್ತು. ಒಂದು ಮೋಡ ಕವಿದ ಮಧ್ಯಾಹ್ನ ಒಳಕೋಣೆಯಲ್ಲಿ ಹಾಸಿಗೆ ಮೇಲೆ ಬೋರಲು ಬಿದ್ದು, ಸ್ಲೇಟಿನ ಮೇಲೆ ಅದೇ ಹಳೆಯ ಭಾಷೆಯಲ್ಲಿ ಒಂದು ಪದ ಬರೆದ. ಚೆನ್ನಾಗಿ ಬಂತು. ಮತ್ತೆ ಬರೆದ. ಹೆಸರು ಭಾನುಸಿಂಹ ಅಂತ ಇಟ್ಟ. ಭಾನು ಅಂದರೂ ಸೂರ್ಯ, ರವಿ ಅಂದರೂ ಸೂರ್ಯ. ಪಾಸ್‌ವರ್ಡ್ ಇಡುವಾಗ ನಮ್ಮ ಹೆಸರನ್ನೇ ತಿರುಗಿಸಿ ಇಡ್ತೇವಲ್ಲ, ಅಷ್ಟೇ ಭದ್ರತೆ!

ಆದರೆ ಅಷ್ಟು ಸಾಕಾಯಿತು. ಬ್ರಹ್ಮಸಮಾಜದ ಗ್ರಂಥಾಲಯದಲ್ಲಿ ಹುಡುಕುವಾಗ ಭಾನುಸಿಂಹನೆಂಬ ಪ್ರಾಚೀನ ಕವಿಯ ಹರಕು ಹಸ್ತಪ್ರತಿ ಸಿಕ್ಕಿತು ಅಂತ ಒಬ್ಬ ಗೆಳೆಯನಿಗೆ ಹೇಳಿ ಪದಗಳನ್ನ ಓದಿದ. ಗೆಳೆಯ ಕುಣಿದಾಡಿಬಿಟ್ಟ. ವಿದ್ಯಾಪತಿ, ಚಂಡೀದಾಸರಿಗೂ ಇಂಥದ್ದು ಬರೆಯಲು ಆಗುತ್ತಿರಲಿಲ್ಲ, ಅಚ್ಚು ಹಾಕಿಸಲೇಬೇಕು ಅಂದ. ಬರೆದವನು ನಾನೇ ಅಂತ ರವಿ ತನ್ನ ನೋಟ್‌ಬುಕ್ ತೋರಿಸಿದಾಗ ಆ ಗೆಳೆಯನ ಮುಖ ಇಳಿದು, ಪದ್ಯಗಳು ಪರವಾಗಿಲ್ಲ ಅನ್ನುವ ಮಟ್ಟಕ್ಕೆ ಬಂದವು. ಮುಂದೆ ಅವು ಅವರ ಮನೆಯದೇ ಪತ್ರಿಕೆ ಭಾರತಿಯಲ್ಲಿ 1877ರಿಂದ ಭಾನುಸಿಂಹನ ಹೆಸರಲ್ಲೇ ಬಂದವು. ಆಗ ಜರ್ಮನಿಯಲ್ಲಿದ್ದ ಬಂಗಾಳಿ ವಿದ್ವಾಂಸರೊಬ್ಬರು ತಮ್ಮ ಪ್ರಬಂಧದಲ್ಲಿ ಈ ಭಾನುಸಿಂಹನನ್ನ ಹಳೆಯ ಕವಿ ಅಂತಲೇ ಗೌರವದಿಂದ ಸೇರಿಸಿದರು, ಅವರಿಗೆ ಡಾಕ್ಟರೇಟೂ ಬಂತು ಅಂತ ಟಾಗೋರರೇ ಆತ್ಮಕಥನದಲ್ಲಿ ನಗುತ್ತ ಬರೆದಿದ್ದಾರೆ. ಅದೇ ಪುಸ್ತಕದಲ್ಲಿ, ಆ ಪದಗಳಲ್ಲಿ ಅಸಲಿ ದನಿ ಇಲ್ಲ ಅಂತ ತಮ್ಮ ಮೇಲೇ ಕಠಿಣ ತೀರ್ಪನ್ನೂ ಕೊಟ್ಟುಕೊಂಡಿದ್ದಾರೆ.

ಇಮೇಲಿನಲ್ಲೂ ಕಳಿಸಿದವರ ಹೆಸರಿನ ಜಾಗದಲ್ಲಿ ಇರೋದು ಬರೀ ಅಕ್ಷರ. ಯಾರು ಏನು ಬೇಕಾದ್ರೂ ಬರೆಯಬಹುದು. ಪತ್ರ ಸಾಗಿಸೋ ಎಸ್‌ಎಂಟಿಪಿ ಅದನ್ನ ಪರೀಕ್ಷೆ ಮಾಡೋದಿಲ್ಲ. ಆಮೇಲೆ ಬಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಇರೋದು, ಈ ಪತ್ರ ನಿಜವಾಗಿ ಆ ಡೊಮೇನಿನ ಒಪ್ಪಿಗೆ ಇರುವ ಸರ್ವರಿನಿಂದಲೇ ಬಂತಾ ಅಂತ ನೋಡೋಕೆ. ಭಾನುಸಿಂಹನ ಕಾಲದಲ್ಲಿ ಅಂಥ ಪರೀಕ್ಷೆ ಅಂದ್ರೆ ಯಾರಾದರೂ ಗ್ರಂಥಾಲಯಕ್ಕೆ ಹೋಗಿ ಹಸ್ತಪ್ರತಿ ತೋರಿಸಿ ಅನ್ನಬೇಕಿತ್ತು.

ಇನ್ನು ಕಾರವಾರ. ರವೀಂದ್ರರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಪಾಸಾದ ಮೊದಲ ಭಾರತೀಯ. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾರವಾರಕ್ಕೆ ಅವರು ಜಿಲ್ಲಾ ನ್ಯಾಯಾಧೀಶರಾಗಿ ಬಂದಿದ್ದರು. ಕಡಲ ಪಕ್ಕದ ನ್ಯಾಯಾಧೀಶರ ಮನೆಗೆ ತಮ್ಮ ಬಂದು ಉಳಿದಾಗ ಅವರಿಗೆ ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸು, ಅಂದ್ರೆ ನಮ್ಮ ಫೈನಲ್ ಇಯರಿನವರಷ್ಟು. ಡಿಗ್ರಿ ಇಲ್ಲ. ಲಂಡನ್ನಿಗೆ ಓದಲು ಹೋಗಿ ಓದು ಮುಗಿಸದೆ ವಾಪಸ್ ಬಂದಿದ್ದರು. ನೌಕರಿಯಂತೂ ಇಲ್ಲ. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಇದನ್ನ ಓದೋರಿಗೆ ಸ್ವಲ್ಪ ಸಮಾಧಾನ ಆಗಬಹುದು.

ಇಲ್ಲಿನ ಅರ್ಧಚಂದ್ರದಂಥ ಕಡಲತೀರ, ಗಾಳಿಮರದ ತೋಪು, ಬೆಟ್ಟಗಳ ನಡುವಿಂದ ಬಂದು ಸಮುದ್ರ ಸೇರುವ ಕಾಳಿ ನದಿ, ಎಲ್ಲವೂ ಅವರ ನೆನಪಿನಲ್ಲಿ ಉಳಿದವು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿ, ಬೆಟ್ಟದ ಮೇಲಿನ ಹಳೆಯ ಕೋಟೆಯ ಬುಡದಲ್ಲಿ ಇಳಿದು, ಒಬ್ಬ ರೈತನ ಮನೆಯಂಗಳದಲ್ಲಿ ಕೂತು ಕಟ್ಟಿಕೊಂಡು ಹೋಗಿದ್ದ ಊಟ ಮುಗಿಸಿ, ಹೊಳೆ ಇಳಿತದ ಜೊತೆ ದೋಣಿಯನ್ನ ಹಾಗೇ ಬಿಟ್ಟು, ಕೊನೆಗೆ ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ನಡೆದು ಮನೆಗೆ ಬಂದಿದ್ದನ್ನ ಅವರು ವಿವರವಾಗಿ ಬರೆದಿದ್ದಾರೆ. ನಾವು ಪಾನಿಪುರಿ ಹುಡುಕಿಕೊಂಡು ನಡೆಯುವ ಮರಳು ಅದೇ.

ಇಲ್ಲೇ ಅವರು ಪ್ರಕೃತಿರ್ ಪ್ರತಿಶೋಧ ಎಂಬ ನಾಟಕ ಬರೆದರು. ಒಬ್ಬ ಸನ್ಯಾಸಿ ಲೋಕದ ಎಲ್ಲ ನಂಟುಗಳನ್ನ ಕಡಿದುಕೊಂಡು ಗೆದ್ದೆ ಅಂದುಕೊಳ್ತಾನೆ. ದಿಕ್ಕಿಲ್ಲದ ಒಂದು ಚಿಕ್ಕ ಹುಡುಗಿ ಅವನನ್ನ ವಾಪಸ್ ಎಳೀತಾಳೆ. ಇವತ್ತಿನ ಮಾತಿನಲ್ಲಿ ಹೇಳೋದಾದ್ರೆ, ಎಲ್ಲ ಅಕೌಂಟ್ ಡಿಲೀಟ್ ಮಾಡಿ ಹೋದವನನ್ನ ಹುಡುಕಿಕೊಂಡು ಒಂದು ಪತ್ರ ಬಂದ ಹಾಗೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದು ಪೀಠಿಕೆ ಅಂತ ಅವರು ಆಮೇಲೆ ಕಂಡುಕೊಂಡರು. ಒಂದು ಬೀಚಿಗೆ ಹೆಸರು ಇಡೋಕೆ ಇಷ್ಟು ಕಾರಣ ಸಾಕು ಅಂತ ನಮ್ಮ ಅಭಿಪ್ರಾಯ.

ಕಾರವಾರದಿಂದ ಹೋದ ಸ್ವಲ್ಪ ದಿನಕ್ಕೇ, 1883ರ ಡಿಸೆಂಬರ್ 9ರಂದು, ಅವರ ಮದುವೆ. ಹುಡುಗಿ ಇನ್ನೂ ಮಗು, ಸುಮಾರು ಹತ್ತು ವರ್ಷ. ಹೆಸರು ಭವತಾರಿಣಿ. ಗಂಡನ ಮನೆಯಲ್ಲಿ ಅದು ಹಳೇ ಕಾಲದ ಹೆಸರು ಅನಿಸಿ ಮೃಣಾಲಿನಿ ಅಂತ ಬದಲಾಯಿಸಿದರು. ರವಿ ತನಗೆ ಬೇಕಾದ ಹೆಸರನ್ನ ತಾನೇ ಆಟಕ್ಕೆ ಅಂತ ಆರಿಸಿಕೊಂಡಿದ್ದ. ಭವತಾರಿಣಿಗೆ ಮಾತ್ರ ಬೇರೆಯವರು ಹೆಸರು ಕೊಟ್ಟರು, ಹಳೆಯದನ್ನ ಅಳಿಸಿಯೇ ಕೊಟ್ಟರು. ಕಾಲವೇ ಹಾಗಿತ್ತು ಅನ್ನಬಹುದು, ಆದರೂ ನಮಗೆ ಇದು ಹಿಡಿಸಲಿಲ್ಲ.

ಭಾನುಸಿಂಹನ ಪದಗಳು 1884ರಲ್ಲಿ ಪುಸ್ತಕವಾಗಿ ಬಂದವು. 1890ರ ದಶಕದಲ್ಲಿ ರವೀಂದ್ರರು ಮನೆತನದ ಜಮೀನ್ದಾರಿ ನೋಡಿಕೊಳ್ಳಲು ಪೂರ್ವ ಬಂಗಾಳಕ್ಕೆ, ಇವತ್ತಿನ ಬಾಂಗ್ಲಾದೇಶದ ಶಿಲಾಯಿದಹಕ್ಕೆ ಹೋದರು. ಅಲ್ಲಿ ವಿಳಾಸವೇ ತೇಲುತ್ತಿತ್ತು: ಪದ್ಮಾ ನದಿಯ ಮೇಲಿನ ದೋಣಿಮನೆ. ರೈತರಿಗೆ ಅವರು ಬಾಬು, ಓದುಗರಿಗೆ ಕವಿ, ಸತ್ಯೇಂದ್ರನಾಥರ ಮಗಳು ಇಂದಿರೆಗೆ ಚಿಕ್ಕಪ್ಪ. ಆ ಇಂದಿರೆಗೆ ಅವರು ಬರೆದ ಪತ್ರಗಳಲ್ಲಿ ಹೊಳೆ, ಮಳೆ, ಹಳ್ಳಿಯ ಜನ ಎಲ್ಲ ಇದ್ದಾರೆ. ಇಂದಿರೆ ಅವುಗಳನ್ನ ನೋಟ್‌ಬುಕ್ಕಿನಲ್ಲಿ ನಕಲು ಮಾಡಿಟ್ಟುಕೊಂಡಿದ್ದರಿಂದಲೇ 1912ರಲ್ಲಿ ಛಿನ್ನಪತ್ರ ಎಂಬ ಪುಸ್ತಕ ಆಯ್ತು. ಅಚ್ಚಿಗೆ ಕೊಡುವಾಗ ಟಾಗೋರರು ಮನೆಮಾತನ್ನೆಲ್ಲ ಕತ್ತರಿಸಿದರು. ಅಂದ್ರೆ ಕಳಿಸಿದ ಪತ್ರದ ಪ್ರತಿ ಇದ್ದದ್ದು ಕಳಿಸಿದವರ ಹತ್ತಿರ ಅಲ್ಲ, ಪಡೆದವರ ಹತ್ತಿರ. ನಮ್ಮ ಹಳೆಯ ಕಾರ್ಯದರ್ಶಿಗಳ ಪತ್ರಗಳೂ ಹಾಗೇ ಆಗಿವೆ. ಯಾರ ಸೆಂಟ್ ಫೋಲ್ಡರಿನಲ್ಲಿ ಏನಿದೆಯೋ ಆ ದೇವರೇ ಬಲ್ಲ. ಥಂಡರ್‌ಬರ್ಡಿನಲ್ಲಿ ಪ್ರತಿ ಐಡೆಂಟಿಟಿಗೂ ಕಳಿಸಿದ್ದರ ಪ್ರತಿ ಎಲ್ಲಿ ಇಡಬೇಕು ಅಂತ ಬೇರೆ ಬೇರೆಯಾಗಿ ಹೇಳಬಹುದು. ಬಳಗದ್ದನ್ನೆಲ್ಲ ಈಗ ಪತ್ರಿಕೆಯ ಖಾತೆಯ ಒಂದೇ ಫೋಲ್ಡರಿಗೆ ಹಾಕಿದ್ದೇವೆ, ಅದೂ ಐಮ್ಯಾಪ್‌ನಲ್ಲಿ. ಕಂಪ್ಯೂಟರ್ ಕೆಟ್ಟರೂ ಪತ್ರ ಸರ್ವರಿನಲ್ಲಿ ಉಳೀತದೆ.

1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ಶುರುವಾಯಿತು. ಮರುವರ್ಷ ಮೃಣಾಲಿನಿ ತೀರಿಕೊಂಡರು. ಶಾಲೆಯ ಮಕ್ಕಳಿಗೆ, ಶಿಕ್ಷಕರಿಗೆ ಅವರು ಗುರುದೇವ ಆದರು. ಅಂಚೆಯ ಮೇಲೆ ಅವರಿಗೆ ಎಷ್ಟು ಮೋಹ ಅಂದ್ರೆ ಡಾಕ್‌ಘರ್, ಅಂದರೆ ಅಂಚೆಮನೆ, ಅನ್ನುವ ನಾಟಕವನ್ನೇ ಬರೆದರು. ಕಾಯಿಲೆ ಬಿದ್ದು ಮನೆಯೊಳಗೇ ಇರಬೇಕಾದ ಅಮಲ್ ಎಂಬ ಹುಡುಗ ಕಿಟಕಿಯಾಚೆ ಹೊಸದಾಗಿ ಬಂದ ಅಂಚೆಮನೆ ನೋಡಿ, ರಾಜ ತನಗೆ ಪತ್ರ ಬರೀತಾನೆ ಅಂತ ಕಾಯ್ತಾನೆ. ಟೀಚರು ಒಂದೂವರೆ ತಿಂಗಳು ಕಾದ ಸಂಗತಿ ಗೊತ್ತಾದ ವಾರವೇ ನಾವು ಈ ನಾಟಕ ಓದಿದ್ದು. ಸುಮ್ಮನೆ ಓದಲಾಗಲಿಲ್ಲ.

1912ರಲ್ಲಿ ಇಂಗ್ಲಿಷ್ ಗೀತಾಂಜಲಿ, 1913ರಲ್ಲಿ ನೊಬೆಲ್. ಅಲ್ಲಿಂದ ಮುಂದೆ ಜಗತ್ತಿನ ಪತ್ರವೆಲ್ಲ ಶಾಂತಿನಿಕೇತನಕ್ಕೆ. 1915ರಲ್ಲಿ ಬ್ರಿಟಿಷ್ ಸರ್ಕಾರ ನೈಟ್ ಪದವಿ ಕೊಟ್ಟು ಹೆಸರಿನ ಮುಂದೆ ಸರ್ ಅಂಟಿಸಿತು. ನಾಲ್ಕು ವರ್ಷ ಆಗಿತ್ತಷ್ಟೇ, 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆಯಿತು. ಪಂಜಾಬಿನ ಸುದ್ದಿ ಹೊರಗೆ ಬರಲು ವಾರಗಳೇ ಹಿಡಿದವು. ಮೇ ತಿಂಗಳ ಕೊನೆಗೆ ಟಾಗೋರರು ವೈಸರಾಯ್ ಚೆಲ್ಮ್ಸ್‌ಫರ್ಡ್‌ಗೆ ಪತ್ರ ಬರೆದು, ಅವಮಾನಕ್ಕೊಳಗಾದ ತಮ್ಮ ಜನರ ಪಕ್ಕ ಯಾವ ಬಿರುದೂ ಇಲ್ಲದೆ ನಿಲ್ಲಬೇಕೆಂದು, ಆ ಪದವಿಯಿಂದ ಬಿಡುಗಡೆ ಕೇಳಿದರು. ಅದಕ್ಕೆ ಕೆಳಗೆ ಹಾಕಿದ ಸಹಿ ರವೀಂದ್ರನಾಥ ಟಾಗೋರ್ ಅಂತ, ಅಷ್ಟೇ. ಆ ಹೆಸರಲ್ಲಿ ಬರೆದರೆ ಮಾತ್ರ ಆ ಪತ್ರಕ್ಕೆ ತೂಕ. ಭಾನುಸಿಂಹನ ಹೆಸರಲ್ಲಿ ಬರೆಯುವ ಪತ್ರ ಅಲ್ಲ ಅದು. ನಾವು ಬೇಡ ಅಂದ ಹೆಸರಿಗೂ ಜನ ಪತ್ರ ಬರೆಯೋದು ನಿಲ್ಲೋದಿಲ್ಲ ಅನ್ನೋದು ಬೇರೆ ಮಾತು. ಥಂಡರ್‌ಬರ್ಡಿನಲ್ಲಿ ಐಡೆಂಟಿಟಿ ಅಳಿಸಿದರೆ ಆ ಹೆಸರಲ್ಲಿ ಕಳಿಸೋದು ಮಾತ್ರ ನಿಲ್ತದೆ, ಬರೋದು ನಿಲ್ಲಬೇಕಾದ್ರೆ ಸರ್ವರಿನಲ್ಲೇ ಅಲಿಯಾಸ್ ತೆಗೆಸಬೇಕು.

ಹಾಗಾದ್ರೆ ಭಾನುಸಿಂಹ ಎಲ್ಲಿಗೆ ಹೋದ? ಎಲ್ಲೂ ಹೋಗಿರಲಿಲ್ಲ. ನೊಬೆಲ್ ಬಂದು ಕೆಲವು ವರ್ಷದ ಮೇಲೆ ಕಾಶಿಯಲ್ಲಿದ್ದ ರಾಣು ಎಂಬ ಪುಟ್ಟ ಹುಡುಗಿ ಅವರ ಕಥೆಗಳನ್ನ ಓದಿ, ನೇರವಾಗಿ ಅವರಿಗೇ ಪತ್ರ ಬರೆದಳು. ಜಗತ್ತಿಗೆಲ್ಲ ಗುರುದೇವರಾದವರು ಆ ಹುಡುಗಿಗೆ ಯಾವ ಹೆಸರಲ್ಲಿ ಉತ್ತರ ಬರೀಬೇಕು? ಅವರು ಹದಿನಾರರ ಹಳೆಯ ಹೆಸರನ್ನ ಹೊರಗೆ ತೆಗೆದರು. ಅವಳಿಗೆ ಅವರು ಭಾನುದಾದಾ. ಆ ಹೆಸರಲ್ಲಿ ಉಪದೇಶ ಇಲ್ಲ, ಬರೀ ತಮಾಷೆ, ಹವಾಮಾನ, ಶಾಲೆಯ ಸುದ್ದಿ. 1930ರಲ್ಲಿ ಆ ಪತ್ರಗಳು ಭಾನುಸಿಂಗೇರ್ ಪತ್ರಾವಲಿ ಅಂತ ಪುಸ್ತಕವಾದವು. ಹುಡುಗನಾಗಿದ್ದಾಗ ಬೇರೆಯವರನ್ನ ಏಮಾರಿಸಲು ಇಟ್ಟುಕೊಂಡ ಹೆಸರು, ಅರವತ್ತರ ಹತ್ತಿರ ಒಬ್ಬಳ ಜೊತೆ ಹತ್ತಿರವಾಗಿ ಮಾತಾಡೋಕೆ ಬಂತು. ಅವಳಿಗೆ ಬರೆದವರು ಯಾರು ಅಂತ ಗೊತ್ತಿತ್ತು, ಮುಚ್ಚುಮರೆ ಇರಲಿಲ್ಲ. ನಮ್ಮ ಗೆಳೆಯನ ರಾಕ್ಷಸ ಐಡಿಯನ್ನೂ ನಾವು ಅಳಿಸಿಲ್ಲ. ಅದು ಗೇಮಿನ ಗೆಳೆಯರಿಗೆ ಇರಲಿ, ಟೀಚರಿಗೆ ಬೇಡ.

ಇಲ್ಲಿ ಅಂಕೋಲೆಯವರು ಒಂದು ಸೇರಿಸಿ ಅಂತ ಹಟ ಹಿಡಿದಿದ್ದಾರೆ. ರವಿ, ಭಾನು ಆಯ್ತು, ಸೂರ್ಯನ ಇನ್ನೊಂದು ಹೆಸರು ದಿನಕರ. ಅಂಕೋಲೆಯ ದಿನಕರ ದೇಸಾಯಿಯವರು (1909–1982) ಮುಂಬಯಿಯಲ್ಲಿ ಕಾರ್ಮಿಕರ ಕೆಲಸ, ನಮ್ಮ ಜಿಲ್ಲೆಯಲ್ಲಿ ರೈತರ ಹೋರಾಟ, ಕೆನರಾ ವೆಲ್ಫೇರ್ ಟ್ರಸ್ಟಿನ ಶಾಲೆಗಳು, 1967ರ ಲೋಕಸಭೆ ಅಂತ ಎಷ್ಟೋ ಕಡೆ ಇದ್ದವರು. ವಿಳಾಸ ಎಷ್ಟೇ ಬದಲಾದರೂ ಅವರು ಬೇರೆ ಹೆಸರಿನ ಹಿಂದೆ ನಿಲ್ಲಲಿಲ್ಲ. ಪುಸ್ತಕದ ಹೆಸರೇ ದಿನಕರನ ಚೌಪದಿ. ಅವರದು ಎಲ್ಲದಕ್ಕೂ ಒಂದೇ ಐಡೆಂಟಿಟಿ, ಸಹಿ ಸಮೇತ.

ಟಾಗೋರರು 1941ರ ಆಗಸ್ಟ್ 7ರಂದು, ಹುಟ್ಟಿದ ಜೋಡಾಸಾಂಕೋ ಮನೆಯಲ್ಲೇ ತೀರಿಕೊಂಡರು. ಎಂಬತ್ತು ವರ್ಷ, ಕೊನೆಯ ವಿಳಾಸವೂ ಮೊದಲನೆಯದೇ.

ನಾವು ಈಗ ಏನು ಮಾಡಿದ್ದೇವೆ ಅಂತ ಹೇಳಿ ಮುಗಿಸ್ತೇವೆ, ಬೇರೆ ಕ್ಲಬ್ಬಿನವರಿಗೂ ಬೇಕಾಗಬಹುದು. ಥಂಡರ್‌ಬರ್ಡಿನ ಅಕೌಂಟ್ ಸೆಟ್ಟಿಂಗ್ಸಿಗೆ ಹೋಗಿ, ಪತ್ರ ಬಂದು ಬೀಳುವ ಖಾತೆ ಆರಿಸಿ, ಮ್ಯಾನೇಜ್ ಐಡೆಂಟಿಟೀಸ್ ಒತ್ತಿ, ಬಳಗದ ಅಲಿಯಾಸನ್ನ ಹೊಸ ಐಡೆಂಟಿಟಿಯಾಗಿ ಸೇರಿಸಿದೆವು. ಹೆಸರು, ವಿಳಾಸ, ಕನ್ನಡದಲ್ಲಿ ಸಹಿ. ಈಗ ಅಲಿಯಾಸಿಗೆ ಬಂದ ಪತ್ರಕ್ಕೆ ರಿಪ್ಲೈ ಒತ್ತಿದರೆ, ಯಾರಿಗೆ ಬಂದಿದೆ ಅಂತ ನೋಡಿಕೊಂಡು ಅದೇ ಹೆಸರನ್ನ ತಾನೇ ಹಾಕ್ತದೆ. ಯಾರಾದ್ರೂ ಬಿಸಿಸಿಯಲ್ಲಿ ಕಳಿಸಿದ್ರೆ ಮೇಲೆ ನಮ್ಮ ವಿಳಾಸವೇ ಕಾಣೋದಿಲ್ಲ. ಅದಕ್ಕೆ, ಡೆಲಿವರಿ ಹೆಡರ್‌ನಲ್ಲಿ ಈ ವಿಳಾಸ ಇದ್ದರೆ ಇದೇ ಐಡೆಂಟಿಟಿಯಿಂದ ಉತ್ತರಿಸು ಅನ್ನೋ ಆಯ್ಕೆ ಅಲ್ಲೇ ಇದೆ, ಅದಕ್ಕೂ ಟಿಕ್ ಹಾಕಿದೆವು. ಹೊರಹೋಗುವ ಸರ್ವರ್ ಮರೆಯಬೇಡಿ, ನಾವು ಮೊದಲ ಸಲ ಎಡವಿದ್ದು ಅಲ್ಲೇ. ಬಳಗದ ವಿಳಾಸವನ್ನ ಹಾಕಿ ಖಾಸಗಿ ಜಿಮೇಲಿನ ಸರ್ವರಿನಿಂದ ಕಳಿಸಿದ್ರೆ, ಆ ವಿಳಾಸ ನಿಮ್ಮದೇ ಅಂತ ಜಿಮೇಲಿನಲ್ಲಿ ಮೊದಲೇ ಖಾತ್ರಿ ಮಾಡಿಸಿರದಿದ್ದರೆ, ಅದು ಮತ್ತೆ ರಾಕ್ಷಸನ ವಿಳಾಸವನ್ನೇ ಹಾಕಿಬಿಡ್ತದೆ. ಕಾಲೇಜಿನ ಸರ್ವರನ್ನೇ ಆ ಐಡೆಂಟಿಟಿಗೆ ಜೋಡಿಸಿದ ಮೇಲೆ ಸರಿಯಾಯ್ತು.

ಟೀಚರಿಗೆ ಕ್ಷಮೆ ಕೇಳಿ, ಬಳಗದ ಹೆಸರಿನಿಂದ ಮತ್ತೆ ಬರೆದೆವು. ಮೂರನೇ ದಿನ ಒಪ್ಪಿಗೆ ಬಂತು, ಲೇಖನ ಮುಂದಿನ ಸಂಚಿಕೆಯಲ್ಲಿದೆ. ಆದರೆ ಆ ಉತ್ತರ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬಿದ್ದಿತ್ತು, ನಾವು ಪುಣ್ಯಕ್ಕೆ ನೋಡಿದೆವು. ಟೀಚರು ಅದನ್ನ ಕಳಿಸಿದ್ದು ಮೊಮ್ಮಗನ ಕ್ರಿಕೆಟ್ ಗೇಮಿನ ಐಡಿಯಿಂದ.